ಒಳನಾಡು ಗಡಿನಾಡಾದ ಐವತ್ತು ವರ್ಷ

ಸಪ್ತಾಪುರ ಬಾವಿಯಿಂದ ಯಾವ ಗಲ್ಲಿ ಹೊಕ್ಕರೂ ಒಂದು ಝೆರಾಕ್ಸ್ ಅಂಗಡಿ, ಒಂದು ಖಾನಾವಳಿ, ಒಂದು ಕೋಚಿಂಗ್ ಸೆಂಟರಿನ ಬೋರ್ಡು ಸಿಕ್ಕೇ ಸಿಗುತ್ತವೆ. ಎಫ್‌ಡಿಎ, ಪಿಎಸ್‌ಐ, ಕೆಎಎಸ್ ಅಂತ ಬೀದರಿನಿಂದ ಹಿಡಿದು ಹಾವೇರಿವರೆಗಿನ ಹಳ್ಳಿಗಳ ಹುಡುಗರು, ಹುಡುಗಿಯರು ಇಲ್ಲಿ ರೂಮು ಮಾಡಿ ಓದುತ್ತಾರೆ. ಅವರು ಕೊಳ್ಳುವ ನೋಟ್ಸಿನಲ್ಲಿ ನಾವು ಇಲ್ಲಿ ಹೇಳಹೊರಟಿರುವ ಇತಿಹಾಸಕ್ಕೆ ಸಿಗುವ ಜಾಗ ಐದು ಸಾಲು. ದೇವಗಿರಿ ದಾಳಿ 1296. ದ್ವಾರಸಮುದ್ರ 1311. ಕಂಪಿಲಿ ಪತನ 1327. ವಿಜಯನಗರ ಸ್ಥಾಪನೆ 1336. ಬಹಮನಿ ಸ್ಥಾಪನೆ 1347. ಇವನ್ನು ಕಾಲಾನುಕ್ರಮದಲ್ಲಿ ಹೊಂದಿಸಿದರೆ ಒಂದು ಅಂಕ.

ಅದೇ ಹುಡುಗರ ಫೋನಿಗೆ ಇದೇ ಐವತ್ತು ವರ್ಷಗಳ ಇನ್ನೊಂದು ಇತಿಹಾಸ ಬರುತ್ತದೆ. ಅದರಲ್ಲಿ ಇಸವಿ ಇರುವುದಿಲ್ಲ, ಊರಿನ ಹೆಸರು ಇರುವುದಿಲ್ಲ. ರಕ್ತ ಇರುತ್ತದೆ, ಒಡೆದ ಗುಡಿ ಇರುತ್ತದೆ, ಕೊನೆಗೆ ಇದನ್ನು ಹತ್ತು ಜನರಿಗೆ ಕಳಿಸಿ ಅಂತ ಇರುತ್ತದೆ. ಹಬ್ಬದ ಮೆರವಣಿಗೆಗಳ ದಿನ ಬಂದರೆ ಇಂಥವು ಹೆಚ್ಚಾಗುತ್ತವೆ. ಮುಂದೆ ಇದೇ ಹುಡುಗರು ಪಿಎಸ್‌ಐ ಆಗಿ ಅದೇ ಮೆರವಣಿಗೆಯ ಬಂದೋಬಸ್ತಿಗೆ ನಿಲ್ಲುವವರು. ಹಾಗಾಗಿ ಆ ಐವತ್ತು ವರ್ಷಗಳಲ್ಲಿ ನಮ್ಮ ಭಾಗದಲ್ಲಿ ನಿಜವಾಗಿ ಏನಾಯಿತು ಎನ್ನುವುದು ಒಂದು ಅಂಕದ ಪ್ರಶ್ನೆಗಿಂತ ಸ್ವಲ್ಪ ದೊಡ್ಡದು.

ಗ್ರಾಮೀಣ ಪತ್ರಿಕೋದ್ಯಮ ಓದುವಾಗ ನಮಗೆ ಹೇಳಿಕೊಟ್ಟ ಮೊದಲ ಪಾಠ ಸರಳವಾಗಿತ್ತು. ಊರಿಗೆ ಹೋದರೆ ಯಾರು ಗೆದ್ದರು ಅಂತ ಕೇಳುವ ಮುಂಚೆ, ಹೊಲ ಯಾರದು, ಪಟ್ಟಿ ವಸೂಲಿ ಮಾಡುವವರು ಯಾರು, ಆ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಕೇಳಬೇಕು. ಇದೇ ಪ್ರಶ್ನೆಯನ್ನು ಏಳುನೂರು ವರ್ಷ ಹಿಂದಕ್ಕೆ ಒಯ್ದರೆ ಬೇರೆಯೇ ಚಿತ್ರ ಕಾಣುತ್ತದೆ.

ಮೊದಲು 1296ಕ್ಕಿಂತ ಹಿಂದಿನ ಧಾರವಾಡ ಸೀಮೆಯನ್ನು ನೋಡೋಣ. ಆಗ ಇದು ಯಾವುದೋ ರಾಜ್ಯದ ಅಂಚಾಗಿರಲಿಲ್ಲ, ಕನ್ನಡ ಅರಸೊತ್ತಿಗೆಗಳ ನಡುಮನೆಯಾಗಿತ್ತು. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ಹಲಸಿಗೆ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು, ಕುಂದೂರು ಐನೂರು ಎಂಬ ನಾಡುಗಳ ಹೆಸರು ಮತ್ತೆ ಮತ್ತೆ ಬರುತ್ತವೆ. ಆ ಕುಂದೂರು ಅಂದರೆ ಇವತ್ತು ಹೈವೇಗೆ ಹೊಂದಿಕೊಂಡಿರುವ ನರೇಂದ್ರ. ಸಪ್ತಾಪುರದಿಂದ ಬೈಕಿನಲ್ಲಿ ಹೋದರೆ ಒಂದು ಚಹಾ ಆರುವಷ್ಟು ಹೊತ್ತು. ಅಣ್ಣಿಗೇರಿಯಲ್ಲಿ ಅಮೃತೇಶ್ವರ, ಉಣಕಲ್ಲಿನಲ್ಲಿ ಚಂದ್ರಮೌಳೇಶ್ವರ, ಗದಗಿನಲ್ಲಿ ತ್ರಿಕೂಟೇಶ್ವರ, ಡಂಬಳದಲ್ಲಿ ದೊಡ್ಡಬಸಪ್ಪ, ಲಕ್ಕುಂಡಿಯಲ್ಲಂತೂ ಓಣಿಗೊಂದು ಗುಡಿ. ಲಕ್ಕುಂಡಿಯಲ್ಲಿ ಟಂಕಸಾಲೆ ಇತ್ತು, ಅಲ್ಲಿನ ಗದ್ಯಾಣಕ್ಕೆ ಊರಿನ ಹೆಸರೇ ಅಂಟಿತ್ತು. ಹೊಯ್ಸಳರ ಇಮ್ಮಡಿ ವೀರಬಲ್ಲಾಳ ಸೇವುಣರನ್ನು ಹಿಮ್ಮೆಟ್ಟಿಸಿ ಕೆಲಕಾಲ ಲಕ್ಕುಂಡಿಯಲ್ಲೇ ಕೂತು ಆಳಿದ. ಆಮೇಲೆ 13ನೆಯ ಶತಮಾನದ ಮೊದಲ ಭಾಗದಲ್ಲಿ ಸೇವುಣರ ಇಮ್ಮಡಿ ಸಿಂಘಣ ಈ ಭಾಗವನ್ನು ಮತ್ತೆ ಕಿತ್ತುಕೊಂಡ. ಅಂದರೆ ಯುದ್ಧ ನಮಗೆ ಹೊಸದಲ್ಲ. ದೇವಗಿರಿ ಮತ್ತು ದೋರಸಮುದ್ರದ ನಡುವೆ ಬೆಳ್ವೊಲದ ಎರೆಹೊಲಗಳಿಗಾಗಿ ನೂರು ವರ್ಷ ಜಗಳ ನಡೆದಿತ್ತು. ಆದರೆ ಜಗಳವಾಡುತ್ತಿದ್ದ ಇಬ್ಬರೂ ಇಲ್ಲಿನ ಗುಡಿಗೆ ದತ್ತಿ ಬಿಡುತ್ತಿದ್ದರು, ಇಬ್ಬರೂ ಕನ್ನಡದಲ್ಲಿ ಶಾಸನ ಹಾಕಿಸುತ್ತಿದ್ದರು, ಇಬ್ಬರಿಗೂ ಊರ ಗಾವುಂಡರೇ ತೆರಿಗೆ ಒಟ್ಟು ಮಾಡಿ ಕೊಡುತ್ತಿದ್ದರು.

ಈ ನೂರು ವರ್ಷಗಳ ಜಗಳವೇ ಮುಂದಿನದಕ್ಕೆ ದಾರಿ ಮಾಡಿತು ಎನ್ನುವುದು ನಮ್ಮ ಅನಿಸಿಕೆ.

1296ರಲ್ಲಿ ಅಲಾವುದ್ದೀನ್ ಖಲ್ಜಿ ಇನ್ನೂ ಸುಲ್ತಾನನಾಗಿರಲಿಲ್ಲ. ದಿಲ್ಲಿಯಲ್ಲಿ ಆಳುತ್ತಿದ್ದ ತನ್ನ ಚಿಕ್ಕಪ್ಪನಿಗೆ ತಿಳಿಸದೆ ಕೆಲವೇ ಸಾವಿರ ಕುದುರೆ ಸವಾರರೊಂದಿಗೆ ವಿಂಧ್ಯ ದಾಟಿ ದೇವಗಿರಿಗೆ ಬಂದ. ಸೇವುಣರ ಸೈನ್ಯದ ದೊಡ್ಡ ಭಾಗ ಆಗ ರಾಜಕುಮಾರನ ಜೊತೆ ಹೊರಗಿತ್ತು. ರಾಮಚಂದ್ರ ದೊರೆ ಕೋಟೆ ಹೊಕ್ಕು ಬಾಗಿಲು ಹಾಕಿದ. ಫಿರಿಶ್ತಾ ಹೇಳುವ ಕಥೆಯ ಪ್ರಕಾರ, ಗಡಿಬಿಡಿಯಲ್ಲಿ ಕೋಟೆಯೊಳಗೆ ಸಾಗಿಸಿದ ಕಾಳಿನ ಚೀಲಗಳನ್ನು ಬಿಚ್ಚಿ ನೋಡಿದರೆ ಅವುಗಳಲ್ಲಿ ಉಪ್ಪಿತ್ತು. ಇದು ನಡೆದದ್ದೋ, ಮುನ್ನೂರು ವರ್ಷದ ನಂತರ ಬರೆದವನ ರುಚಿಗೆ ಕೂಡಿಕೊಂಡದ್ದೋ, ರಾಮಚಂದ್ರ ಶರಣಾದದ್ದು ಮಾತ್ರ ನಿಜ. ಆ ದೇವಗಿರಿಯ ಸಂಪತ್ತಿನ ಬಲದಿಂದಲೇ ಅಲಾವುದ್ದೀನ್ ಚಿಕ್ಕಪ್ಪನನ್ನು ಕೊಲ್ಲಿಸಿ ದಿಲ್ಲಿಯ ಗದ್ದುಗೆ ಏರಿದ.

ಇಲ್ಲಿ ಒಂದು ಮಾತು. ಪುಸ್ತಕಗಳು ಇದನ್ನು ತುರ್ಕರ ದಾಳಿ ಎನ್ನುತ್ತವೆ. ಆ ಕಾಲದ ಶಾಸನಗಳೂ ಬಂದವರನ್ನು ತುರುಕ, ತುರುಷ್ಕ ಅಂತಲೇ ಕರೆದವು. ಅವರ ಧರ್ಮದ ಹೆಸರಿಗಿಂತ ಅವರ ಕುಲದ ಹೆಸರು ನಮ್ಮವರ ಕಿವಿಗೆ ಮೊದಲು ಬಿದ್ದಿತ್ತು. ಈಗ ಅದೇ ಶಬ್ದ ಬೈಗುಳವಾಗಿದೆ, ಆ ಮಾತು ಬೇರೆ. ಖಲ್ಜಿಗಳು ತುರ್ಕ ಮೂಲದವರಾದರೂ ಎಷ್ಟೋ ತಲೆಮಾರು ಅಫ್ಘನ್ ನೆಲದಲ್ಲಿ ಇದ್ದು ಬಂದವರು, ದಿಲ್ಲಿಯ ಹಳೆಯ ತುರ್ಕ ಅಮೀರರು ಅವರನ್ನು ತಮ್ಮವರೆಂದು ಒಪ್ಪುತ್ತಿರಲಿಲ್ಲ. ದಕ್ಷಿಣದ ದಂಡಯಾತ್ರೆಗಳ ಸೇನಾಪತಿ ಮಲಿಕ್ ಕಾಫೂರ್ ಗುಜರಾತಿನ ಖಂಭಾತಿನಲ್ಲಿ ಸೆರೆಸಿಕ್ಕ ಗುಲಾಮ, ತುರ್ಕನೇ ಅಲ್ಲ. ಕಾಫೂರ್ 1311ರಲ್ಲಿ ದೋರಸಮುದ್ರದ ಮೇಲೆ ಬಂದಾಗ ಅವನಿಗೆ ದಾರಿ, ಮೇವು, ದವಸ ಒದಗಿಸಿದ್ದು ದೇವಗಿರಿಯ ರಾಮಚಂದ್ರನೇ. 1307–08ರಲ್ಲಿ ಕಪ್ಪ ನಿಲ್ಲಿಸಿದ್ದಕ್ಕೆ ರಾಮಚಂದ್ರನನ್ನು ದಿಲ್ಲಿಗೆ ಒಯ್ದು, ರಾಯ್ ರಾಯಾನ್ ಎಂಬ ಬಿರುದು ಕೊಟ್ಟು, ಅವನ ರಾಜ್ಯವನ್ನೇ ಅವನಿಗೆ ಒಪ್ಪಿಸಿ ಕಳಿಸಿದ್ದರು. ಹೊಯ್ಸಳರು ಸೇವುಣರ ಹಳೆಯ ವೈರಿಗಳು. ದಿಲ್ಲಿಯ ಕುದುರೆಗಳಿಗೆ ದಾರಿ ತೋರಿಸುವಾಗ ರಾಮಚಂದ್ರನ ಮನಸ್ಸಿನಲ್ಲಿ ಬೆಳ್ವೊಲದ ಹಳೆಯ ಲೆಕ್ಕವೂ ಇದ್ದಿರಬಹುದು.

ಮುಮ್ಮಡಿ ಬಲ್ಲಾಳ ಆಗ ಊರಲ್ಲಿರಲಿಲ್ಲ. ಪಾಂಡ್ಯ ಅಣ್ಣತಮ್ಮಂದಿರು ಪಟ್ಟಕ್ಕಾಗಿ ಕಿತ್ತಾಡುತ್ತಿದ್ದರು. ಅದರಲ್ಲಿ ಲಾಭ ಮಾಡಿಕೊಳ್ಳಲು ತಮಿಳು ನಾಡಿಗೆ ಹೋಗಿದ್ದ. ಸುದ್ದಿ ಕೇಳಿ ಓಡಿಬಂದು, ಆನೆ, ಕುದುರೆ, ಭಂಡಾರ ಒಪ್ಪಿಸಿ ರಾಜ್ಯ ಉಳಿಸಿಕೊಂಡ. ದಿಲ್ಲಿಗೆ ಹೋದ ಅವನ ಮಗ 1313ರಲ್ಲಿ ತಿರುಗಿ ಬಂದ. ಕಾಫೂರ್ ಈ ಒಂದು ಯಾತ್ರೆಯಿಂದ ದಿಲ್ಲಿಗೆ ಒಯ್ದದ್ದು 612 ಆನೆ, 20,000 ಕುದುರೆ, 96,000 ಮಣ ಚಿನ್ನ ಎಂದು ಬರನಿ ಬರೆಯುತ್ತಾನೆ. ಚಿನ್ನದ ಅಂಕಿಯನ್ನು ನಾವು ಅಷ್ಟಾಗಿ ನಂಬುವುದಿಲ್ಲ, ಆಸ್ಥಾನದ ಬರಹಗಾರರ ಕೈ ಅಂಕಿಗಳ ವಿಷಯದಲ್ಲಿ ಯಾವಾಗಲೂ ಉದಾರ. ಆದರೆ ಪಟ್ಟಿಯಲ್ಲಿ ಏನೇನಿದೆ ಎನ್ನುವುದು ಮುಖ್ಯ. ಆನೆ, ಕುದುರೆ, ಚಿನ್ನ. ಹೊಲ ಇಲ್ಲ, ಊರು ಇಲ್ಲ. 1311ರವರೆಗೆ ದಿಲ್ಲಿಗೆ ಬೇಕಾಗಿದ್ದು ನಮ್ಮ ನೆಲವಲ್ಲ, ನಮ್ಮ ಅರಸರು ಗುಡಿಗಳಲ್ಲೂ ಭಂಡಾರಗಳಲ್ಲೂ ಕೂಡಿಟ್ಟಿದ್ದ ಸಂಪತ್ತು. ಅದನ್ನು ಕೊಟ್ಟವನ ಪಟ್ಟ ಉಳಿಯುತ್ತಿತ್ತು.

ಈ ಏರ್ಪಾಡು ಮುರಿದದ್ದು ರಾಮಚಂದ್ರ ತೀರಿಕೊಂಡ ಮೇಲೆ. ಅವನ ಮಗ ಕಪ್ಪ ಕೊಡಲು ಒಪ್ಪದೆ 1313ರಲ್ಲಿ ಸತ್ತ. ಅಳಿಯ ಹರಪಾಲದೇವ ಮತ್ತೆ ಬಂಡೆದ್ದು 1318ರಲ್ಲಿ ಸೆರೆಸಿಕ್ಕು ಕೊಲೆಯಾದ. ಅಲ್ಲಿಗೆ ಸೇವುಣರ ಮನೆತನ ಮುಗಿಯಿತು. ದೇವಗಿರಿಯಿಂದ ಆಳಿಸಿಕೊಳ್ಳುತ್ತಿದ್ದ ಧಾರವಾಡ ಸೀಮೆಗೆ ಯಜಮಾನ ಇಲ್ಲದಂತಾಯಿತು.

ಯಜಮಾನನಿಲ್ಲದ ಹೊಲಕ್ಕೆ ಬೇಲಿ ಹಾಕುವವರು ಯಾವಾಗಲೂ ಪಕ್ಕದ ಹೊಲದವರು. ಸೇವುಣರ ಕೈಕೆಳಗೆ ತುಂಗಭದ್ರೆಯ ದಂಡೆಯಲ್ಲಿ ನಾಯಕನಾಗಿದ್ದ ಮುಮ್ಮಡಿ ಸಿಂಗೆಯನ ಮಗ ಕಂಪಿಲದೇವ ಕಂಪಿಲಿ, ಕುಮ್ಮಟ, ಹೊಸಮಲೆದುರ್ಗಗಳನ್ನು ಹಿಡಿದು ಸ್ವತಂತ್ರನಾದ. ಅವನ ಹಿಡಿತ ರಾಯಚೂರು, ಬಳ್ಳಾರಿ, ಚಿತ್ರದುರ್ಗದ ಭಾಗಗಳಿಂದ ಹಳೆಯ ಧಾರವಾಡ ಜಿಲ್ಲೆಯ ಕೆಲ ಭಾಗದವರೆಗೂ ಚಾಚಿತ್ತು. ದೊಡ್ಡ ಮನೆತನಗಳು ಬಿದ್ದಾಗ ಸಣ್ಣ ನಾಯಕರು ಮೇಲೆ ಬಂದರು. ನೋಟ್ಸಿನ ಐದು ಸಾಲಿನಲ್ಲಿ ಕಾಣದ ಮೊದಲ ಪರಿಣಾಮ ಇದು.

ಕಂಪಿಲಿಯ ಕೊನೆಯನ್ನು ನಾವು ಬೇಗ ದಾಟಿ ಹೋಗುವಂತಿಲ್ಲ. ಮುಹಮ್ಮದ್ ಬಿನ್ ತುಘಲಕನ ಸೋದರಸಂಬಂಧಿ ಬಹಾವುದ್ದೀನ್ ಗುರ್ಶಾಸ್ಪ್ ಈಗಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ ಅಧಿಕಾರಿಯಾಗಿದ್ದ. 1326ರ ಹೊತ್ತಿಗೆ ಸುಲ್ತಾನನ ವಿರುದ್ಧ ಬಂಡೆದ್ದು, ಸೋತು, ಕಂಪಿಲದೇವನ ಮೊರೆ ಹೊಕ್ಕ. ಅವನನ್ನು ಒಪ್ಪಿಸು ಎಂದರೆ ಕಂಪಿಲ ಒಪ್ಪಲಿಲ್ಲ. ದಿಲ್ಲಿಯ ಸೈನ್ಯ ಮೇಲಿಂದ ಮೇಲೆ ಬಂತು. ಕೊನೆಗೆ 1327ರಲ್ಲಿ ಕೋಟೆಯ ಹೆಂಗಸರು ಬೆಂಕಿಗೆ ಹಾರಿದರು, ಕಂಪಿಲ ಹೋರಾಡಿ ಸತ್ತ. ಅವನ ಹನ್ನೊಂದು ಮಕ್ಕಳನ್ನು ದಿಲ್ಲಿಗೆ ಒಯ್ದು ಮತಾಂತರಿಸಿ ಅಮೀರರನ್ನಾಗಿ ಮಾಡಿದರು. ಅವರಲ್ಲಿ ಮೂವರನ್ನು ಇಬ್ನ್ ಬತೂತಾ ದಿಲ್ಲಿಯಲ್ಲಿ ಕಂಡಿದ್ದ. ಗುರ್ಶಾಸ್ಪ್ ಅಷ್ಟರಲ್ಲಿ ಹೊಯ್ಸಳ ಬಲ್ಲಾಳನ ಬಳಿಗೆ ಹೋಗಿದ್ದ. ಬಲ್ಲಾಳ ಕಂಪಿಲನಂತೆ ಮಾಡಲಿಲ್ಲ, ಹಿಡಿದು ಒಪ್ಪಿಸಿಬಿಟ್ಟ. ಸುಲ್ತಾನ ತನ್ನ ರಕ್ತಸಂಬಂಧಿಯ ಚರ್ಮ ಸುಲಿಸಿ ಹುಲ್ಲು ತುಂಬಿಸಿ ಊರೂರು ಮೆರೆಸಿದ. ಹದಿನೈದು ವರ್ಷಗಳ ನಂತರ ಮದುರೈ ಸುಲ್ತಾನನ ಕೈಗೆ ಸಿಕ್ಕ ಮುದಿ ಬಲ್ಲಾಳನಿಗೂ ಅದೇ ಗತಿ ಬಂತು. ಅವನ ಹುಲ್ಲು ತುಂಬಿದ ಚರ್ಮವನ್ನು ಮದುರೈ ಕೋಟೆಯ ಗೋಡೆಗೆ ನೇತುಹಾಕಿದ್ದನ್ನು ಇಬ್ನ್ ಬತೂತಾ ಬರೆದಿದ್ದಾನೆ. ಸುಲ್ತಾನರ ಆಳ್ವಿಕೆ ಮೃದುವಾಗಿತ್ತು ಅಂತ ಯಾರಾದರೂ ಹೇಳಿದರೆ ಈ ಎರಡು ಚರ್ಮಗಳನ್ನು ನೆನಪಿಸಬೇಕು. ಅವುಗಳಲ್ಲಿ ಒಂದು ಸುಲ್ತಾನನ ಸ್ವಂತ ಬಂಧುವಿನದು ಎನ್ನುವುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ಜನ ಈ ಕಥೆಯನ್ನು ಬೇರೆ ರೀತಿ ನೆನಪಿಟ್ಟುಕೊಂಡರು. ಕಂಪಿಲನ ಮಗ ಕುಮಾರರಾಮ ಕಾವ್ಯದ ನಾಯಕನಾದ, ಹಾಡಾದ, ಕೆಲವೆಡೆ ಪೂಜೆಗೊಳ್ಳುವ ದೇವರೂ ಆದ. ಆ ಕಥೆಗಳಲ್ಲಿಯೂ ದಿಲ್ಲಿಯಿಂದ ತಪ್ಪಿಸಿಕೊಂಡು ಆಶ್ರಯ ಬೇಡಿ ಬರುವವನು ಬಾದುರ ಎಂಬ ಮುಸಲ್ಮಾನ ಸರದಾರ, ಅವನನ್ನು ಬಿಟ್ಟುಕೊಡದಿರುವುದು ರಾಮನ ದೊಡ್ಡತನ. ನಮ್ಮ ಜನಪದ ನೆನಪಿನಲ್ಲಿ ಕಂಪಿಲಿ ಬಿದ್ದದ್ದು ಮರೆಹೊಕ್ಕವನನ್ನು ಕಾಯ್ದದ್ದಕ್ಕೆ. ಫೋನಿಗೆ ಬರುವ ಇತಿಹಾಸದಲ್ಲಿ ಬಾದುರ ಇಲ್ಲ.

ಕಂಪಿಲಿ ಉರಿಯುವುದಕ್ಕೆ ಸ್ವಲ್ಪ ಮೊದಲು, 1326ರಲ್ಲಿ, ಅಂದರೆ ಶಕ 1248ರಲ್ಲಿ, ಕಲ್ಯಾಣದಲ್ಲಿ ಒಂದು ಕಲ್ಲು ನೆಡಲಾಯಿತು. ಈಗಿನ ಬಸವಕಲ್ಯಾಣ. ಶಾಸನ ಸಂಸ್ಕೃತದಲ್ಲಿದೆ. ಅದನ್ನು ಸಂಪಾದಿಸಿ ಎಪಿಗ್ರಾಫಿಯಾ ಇಂಡಿಕಾದಲ್ಲಿ ಪ್ರಕಟಿಸಿದವರು ಪಿ.ಬಿ. ದೇಸಾಯಿ. ಇದೇ ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದವರು. ಶಾಸನ ಮುಹಮ್ಮದ್ ಬಿನ್ ತುಘಲಕನನ್ನು ಮಹಾರಾಜಾಧಿರಾಜ ಸುರತಾಣ ಎನ್ನುತ್ತದೆ, ಚಾಲುಕ್ಯ ಅರಸನಿಗೆ ಹಾಕುತ್ತಿದ್ದ ಬಿರುದಿನ ಪಕ್ಕದಲ್ಲೇ ಸುಲ್ತಾನ ಎಂಬ ಪದವನ್ನು ಸಂಸ್ಕೃತದ ಅಂಗಿ ತೊಡಿಸಿ ಕೂರಿಸಿದೆ. ವಿಷಯ ಇಷ್ಟು. ದಂಗೆಯ ಗಲಾಟೆಯಲ್ಲಿ ಕಲ್ಯಾಣದ ಮಧುಕೇಶ್ವರ ಗುಡಿಗೆ ಧಕ್ಕೆಯಾಗಿ ಪೂಜೆ ನಿಂತಿತ್ತು. ಗುಡಿಯ ಮುಖ್ಯಸ್ಥರು ಸುಲ್ತಾನನ ಪರವಾಗಿ ಕಲ್ಯಾಣವನ್ನು ನೋಡಿಕೊಳ್ಳುತ್ತಿದ್ದ ಖ್ವಾಜಾ ಅಹ್ಮದನ ಬಳಿ ಅರ್ಜಿ ಹಿಡಿದು ಹೋದರು. ಅನುಮತಿ ಸಿಕ್ಕಿತು. ಶಿವಲಿಂಗದ ಮರುಪ್ರತಿಷ್ಠೆಯಾಗಿ ಪೂಜೆ ಮತ್ತೆ ಶುರುವಾಯಿತು.

ಈ ಕಲ್ಲನ್ನು ಹಿಡಿದು ನೋಡಿ ಎಷ್ಟು ಸೌಹಾರ್ದ ಅಂತ ಹೇಳಿಬಿಡುವುದು ಸುಲಭ. ನಮಗೆ ಅದರಲ್ಲಿ ಸೌಹಾರ್ದಕ್ಕಿಂತ ಹೆಚ್ಚಾಗಿ ಆಡಳಿತ ಕಾಣುತ್ತದೆ. ಖ್ವಾಜಾ ಅಹ್ಮದನಿಗೆ ಕಲ್ಯಾಣದಿಂದ ವರಮಾನ ಬೇಕಿತ್ತು. ವರಮಾನ ಬರಬೇಕಾದರೆ ಸಂತೆ ನಡೆಯಬೇಕು, ಹೊಲ ಬಿತ್ತಬೇಕು, ಊರಿನ ಹಿರಿಯರು ಊರಲ್ಲಿ ಉಳಿಯಬೇಕು. ಗುಡಿ ಮುಚ್ಚಿದ ಊರಿನಲ್ಲಿ ಅವರು ಉಳಿಯುವುದಿಲ್ಲ. ಸೂರೆ ಹೊಡೆಯಲು ಬಂದವನಿಗೆ ಗುಡಿ ಒಂದು ಭಂಡಾರ, ಆಳಲು ಕೂತವನಿಗೆ ಅದೇ ಗುಡಿ ಊರು ನಿಂತಿರುವ ಕಂಬ. 1311ರ ದೋರಸಮುದ್ರಕ್ಕೂ 1326ರ ಕಲ್ಯಾಣಕ್ಕೂ ನಡುವೆ ಹದಿನೈದು ವರ್ಷದಲ್ಲಿ ಬದಲಾದದ್ದು ಇದು. ಬಂದವರ ಮನಸ್ಸು ಬದಲಾಯಿತೋ ಇಲ್ಲವೋ, ಕೆಲಸ ಬದಲಾಗಿತ್ತು.

ಇಂಥ ಕಲ್ಲುಗಳನ್ನು ಓದಿ ಅರ್ಥ ಹೇಳುವುದಕ್ಕೆ ಈ ಊರಿನಲ್ಲಿ ದೊಡ್ಡ ಪರಂಪರೆ ಇದೆ. ಶಾಸನಗಳ ಮೇಲೆ ಬದುಕಿಡೀ ದುಡಿದ ಎಂ.ಎಂ. ಕಲಬುರ್ಗಿಯವರು ಆದಿಲ್‌ಶಾಹಿ ಕಾಲದ ಪರ್ಶಿಯನ್ ಗ್ರಂಥಗಳನ್ನು ಕನ್ನಡಕ್ಕೆ ತರುವ ಯೋಜನೆಯನ್ನೂ ಮುನ್ನಡೆಸಿದವರು. 2015ರ ಆಗಸ್ಟ್ 30ರ ಬೆಳಿಗ್ಗೆ ಕಲ್ಯಾಣ ನಗರದ ಮನೆಯಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಸಪ್ತಾಪುರದಲ್ಲಿ ಕೂತು ಇತಿಹಾಸ ಬರೆಯುವ ಯಾರಿಗೂ ಆ ಮನೆ ದೂರವಲ್ಲ.

ಹಾಗಾದರೆ ದಿಲ್ಲಿ ನಮ್ಮನ್ನು ಆಳಿತೇ? ಆಳಲು ನೋಡಿತು ಎನ್ನುವುದು ಸರಿಯಾದ ಉತ್ತರ. ಗುಲ್ಬರ್ಗದಲ್ಲಿ ತುಘಲಕರ ಪರವಾಗಿ ಅಧಿಕಾರ ನಡೆಸುತ್ತಿದ್ದವನು ಭೀರಣ ಎಂಬ ಹಿಂದೂ ಅಧಿಕಾರಿ. ಅವನನ್ನು ಕೊಂದು ಖಜಾನೆ ಕಿತ್ತುಕೊಂಡು ಬಂಡೆದ್ದವನು ವಸೂಲಿಗೆಂದು ಬಂದಿದ್ದ ಅಲಿ ಶಾ ಎಂಬ ಅಮೀರ. ಬೀದರಿನಲ್ಲಿ ಇನ್ನೂ ಸ್ವಾರಸ್ಯ. ನುಸ್ರತ್ ಖಾನ್ ಎಂಬವನು ಬೀದರ್ ಸೀಮೆಯ ವಸೂಲಿಯನ್ನು ಮೂರು ವರ್ಷಕ್ಕೆ ಒಂದು ಕೋಟಿ ಟಂಕಕ್ಕೆ ಗುತ್ತಿಗೆ ಹಿಡಿದ. ಈಗಿನ ಮರಳಿನ ಟೆಂಡರಿನಂತೆ ಕೂಗಿ ಹಿಡಿದದ್ದು. ಅಷ್ಟು ದುಡ್ಡು ಆ ನೆಲದಲ್ಲಿ ಹುಟ್ಟಲಿಲ್ಲ, ಹುಟ್ಟಿದ್ದೂ ದಿಲ್ಲಿ ಮುಟ್ಟಲಿಲ್ಲ. ಲೆಕ್ಕ ಕೇಳುವ ಹೊತ್ತಿಗೆ ಅವನೂ ಬಂಡೆದ್ದ. ದಿಲ್ಲಿ ದೂರವಿತ್ತು, ಊರಿನ ಲೆಕ್ಕ ಊರಿನವರ ಕೈಯಲ್ಲೇ ಇತ್ತು, ನಡುವೆ ಕೂತ ಅಮೀರನಿಗೆ ಎರಡೂ ಕಡೆಯ ಹೊಡೆತ. 1327ರಲ್ಲಿ ಸುಲ್ತಾನ ದೇವಗಿರಿಯನ್ನು ದೌಲತಾಬಾದ್ ಮಾಡಿ ದಿಲ್ಲಿಯ ಗಣ್ಯರನ್ನೆಲ್ಲ ಅಲ್ಲಿಗೆ ಎಬ್ಬಿಸಿ ಕಳಿಸಿದ್ದನ್ನು ಎಲ್ಲರೂ ಹುಚ್ಚಾಟ ಅಂತ ಓದುತ್ತಾರೆ. ದೂರದ ನೆಲ ಕೈಗೆ ಸಿಗುತ್ತಿಲ್ಲ ಎನ್ನುವುದು ಅವನಿಗೆ ಗೊತ್ತಾಗಿತ್ತು ಅಂತಲೂ ಅದನ್ನು ಓದಬಹುದು.

ಕೊನೆಗೆ ದಖ್ಖನಿನಲ್ಲಿ ದಿಲ್ಲಿಯನ್ನು ಕಿತ್ತೆಸೆದವರು ದಿಲ್ಲಿಯ ಅಮೀರರೇ. ಸದಾ ಅಮೀರರು ಅಂದರೆ ನೂರರ ಸರದಾರರು, ನಮ್ಮ ಭಾಷೆಯಲ್ಲಿ ಹೋಬಳಿ ಮಟ್ಟದವರು ಎನ್ನಬಹುದು. ಮಾಳವದಲ್ಲಿ ತಮ್ಮಂಥವರನ್ನು ಸುಲ್ತಾನನ ಅಧಿಕಾರಿ ಸಾಮೂಹಿಕವಾಗಿ ಕೊಲ್ಲಿಸಿದ್ದು ಕೇಳಿ ಇವರು ದಂಗೆ ಎದ್ದರು. 1347ರಲ್ಲಿ ಅವರಲ್ಲೊಬ್ಬ ಅಲಾವುದ್ದೀನ್ ಹಸನ್ ಬಹಮನ್ ಶಾ ಎಂದು ಪಟ್ಟ ಕಟ್ಟಿಕೊಂಡು ಗುಲ್ಬರ್ಗವನ್ನು ರಾಜಧಾನಿ ಮಾಡಿದ. ಅಷ್ಟರೊಳಗೆ ತುಂಗಭದ್ರೆಯ ಈ ಕಡೆ ಹರಿಹರ ಮತ್ತು ಅವನ ತಮ್ಮಂದಿರು ನೆಲೆಯೂರಿದ್ದರು. 1340ರ ಶಾಸನದ ಪ್ರಕಾರ ಬಾದಾಮಿ ಆಗಲೇ ಹರಿಹರನ ಕೈಯಲ್ಲಿತ್ತು. ಅವನನ್ನು ಅದು ಮಹಾಮಂಡಲೇಶ್ವರ ಎನ್ನುತ್ತದೆ, ರಾಜ ಅನ್ನುವುದಿಲ್ಲ. ಆ ಅಣ್ಣತಮ್ಮಂದಿರು ಕನ್ನಡಿಗರೋ ತೆಲುಗರೋ, ದಿಲ್ಲಿಗೆ ಹೋಗಿ ಬಂದವರೋ ಅಲ್ಲವೋ ಎಂಬ ಜಗಳ ನೂರು ವರ್ಷದಿಂದ ನಡೆದಿದೆ, ಅದು ಹಾಗೇ ನಡೆಯಲಿ. ನಮ್ಮ ಕಣ್ಣಿಗೆ ಬೀಳುವುದು ಅವರ ವಂಶದವರು ಧರಿಸಿದ ಒಂದು ಬಿರುದು. ಹಿಂದೂರಾಯ ಸುರತ್ರಾಣ, ಹಿಂದೂ ರಾಜರಲ್ಲಿ ಸುಲ್ತಾನ. ಅರಸ ಅಂದರೆ ಹೇಗಿರಬೇಕು ಎಂಬ ಕಲ್ಪನೆಗೇ ಹೊಸ ಶಬ್ದ ಬಂದಿತ್ತು. ಸೈನ್ಯ ಸಾಕಲು ಸರದಾರನಿಗೆ ಸೀಮೆಯ ವರಮಾನ ಬಿಟ್ಟುಕೊಡುವ ವಿಜಯನಗರದ ಅಮರನಾಯಕ ಪದ್ಧತಿಗೂ ದಿಲ್ಲಿಯ ಇಕ್ತಾ ಪದ್ಧತಿಗೂ ಹೋಲಿಕೆ ಇದೆ ಎಂದು ಕೆಲವು ಇತಿಹಾಸಕಾರರು ಹೇಳುತ್ತಾರೆ. ಗೆದ್ದವರನ್ನು ಎದುರಿಸಲು ನಿಂತವರೂ ಅವರ ಕುದುರೆ, ಅವರ ಲೆಕ್ಕ, ಅವರ ಕುಲಾಯಿ ಕಲಿತರು.

ಈಗ ಧಾರವಾಡಕ್ಕೆ ತಿರುಗಿ ಬರೋಣ. ಉತ್ತರಕ್ಕೆ ಗುಲ್ಬರ್ಗ, ಪೂರ್ವಕ್ಕೆ ವಿಜಯನಗರ. ಎರಡೂ ರಾಜಧಾನಿಗಳು ಬೆಳೆದಷ್ಟೂ ನಡುವಿನ ನಮ್ಮ ಸೀಮೆ ಅಂಚಾಗುತ್ತ ಹೋಯಿತು. ಪಠ್ಯಪುಸ್ತಕದಲ್ಲಿ ರಾಯಚೂರು ದೋಆಬಿನ ಜಗಳ ಅಂತ ಒಂದೇ ಹೆಸರು ಇರುತ್ತದೆ. ಅದರ ಪಶ್ಚಿಮದ ತುದಿ ನಮ್ಮದು. 15ನೆಯ ಶತಮಾನದ ಮೊದಲ ದಶಕದಲ್ಲಿ ಫಿರೋಜ್ ಷಾ ಬಹಮನಿ ಮತ್ತು ಮೊದಲನೆಯ ದೇವರಾಯನ ಯುದ್ಧ ಮುಗಿದಾಗ, ಫಿರಿಶ್ತಾನ ಪ್ರಕಾರ, ದೇವರಾಯ ಮಗಳನ್ನು ಸುಲ್ತಾನನಿಗೆ ಕೊಟ್ಟು ವರದಕ್ಷಿಣೆಯಾಗಿ ಬಂಕಾಪುರವನ್ನು ಬರೆದುಕೊಟ್ಟ. ಒಂದು ಕಾಲಕ್ಕೆ ಬನವಾಸಿ ನಾಡಿನ ಅಧಿಕಾರದ ಪೀಠವಾಗಿದ್ದ ಊರು ಗಡಿಯ ಒಂದು ಠಾಣೆಯಾಗಿ, ಮದುವೆಯ ಬಳುವಳಿಯಾಗಿ ಕೈ ಬದಲಾಯಿಸಿತು. ಆ ಕೋಟೆ ಈಗ ನವಿಲುಧಾಮ. ನೋಡಿಲ್ಲದವರು ಒಮ್ಮೆ ನೋಡಿಬರಬೇಕು, ಕೋಟೆಗಾಗಿ ಅಲ್ಲದಿದ್ದರೆ ನವಿಲಿಗಾಗಿ. 1472ರಲ್ಲಿ ಮಹಮೂದ್ ಗವಾನ್ ಬೆಳಗಾವಿ ಹಿಡಿದ. 1490ರಲ್ಲಿ ವಿಜಯಪುರದಲ್ಲಿ ಸ್ವತಂತ್ರನಾದ ಯೂಸುಫ್ ಆದಿಲ್ ಖಾನ್ ತುರ್ಕ ಮೂಲದವನು, ಉಸ್ಮಾನಿಯಾ ರಾಜಕುಮಾರ ಎಂಬ ದಂತಕಥೆಯೂ ಅವನ ಸುತ್ತ ಬೆಳೆಯಿತು. 1573ರಲ್ಲಿ ಅವನ ವಂಶದ ಮೊದಲ ಅಲಿ ಆದಿಲ್‌ಷಾ ಧಾರವಾಡ ಕೋಟೆ ಹಿಡಿದ, ಅದರ ಬೆನ್ನಿಗೇ ಬಂಕಾಪುರ.

ಕಣ್ಣಿಗೆ ಕಾಣುವ ಲೆಕ್ಕ ಬೇಕಾದರೆ ಒಂದು ದಿನ ಹಾಳು ಮಾಡಿ ಸುತ್ತಿ ಬನ್ನಿ. ಈ ಸೀಮೆಯ ದೊಡ್ಡ ಕಲ್ಲುಗುಡಿಗಳು, ಉಣಕಲ್ಲಿನದಿರಲಿ ಲಕ್ಕುಂಡಿಯದಿರಲಿ, 1300ಕ್ಕಿಂತ ಹಿಂದಿನವು. ಅದರ ನಂತರದವುಗಳಲ್ಲಿ ಎದ್ದು ಕಾಣುವುದು ಕೋಟೆಗಳು. ಎಲ್ಲ ಗುಡಿಗಳನ್ನೂ ಯಾರೋ ಬಂದು ಕೆಡವಿದ್ದರಿಂದ ಹೀಗಾಯಿತು ಎನ್ನುವಂತಿಲ್ಲ, ಅವು ಇನ್ನೂ ನಿಂತಿವೆ, ಹಲವುಗಳಲ್ಲಿ ಪೂಜೆಯೂ ಇದೆ. ಹೊಸದಾಗಿ ಕಟ್ಟಿಸುವವರ ವಿಳಾಸ ಬದಲಾಯಿತು. ಸೀಮೆಯ ಹೆಚ್ಚುವರಿ ಕಾಳು, ಹೊನ್ನು, ಕುಶಲಕರ್ಮಿಗಳ ಕೈ ಹಂಪಿಯತ್ತ, ಗುಲ್ಬರ್ಗ, ಬೀದರ್, ವಿಜಯಪುರದತ್ತ ಹೋದವು. ನಮಗೆ ಉಳಿದದ್ದು ಕಾವಲು. ಒಳನಾಡಿನ ಅರಸ ಗುಡಿ ಕಟ್ಟಿಸುತ್ತಾನೆ, ಗಡಿನಾಡಿಗೆ ಕಿಲ್ಲೇದಾರ ಬರುತ್ತಾನೆ.

ಊರಿನೊಳಗೆ ಮಾತ್ರ ಹಳೆಯವರೇ ಕೂತಿದ್ದರು. ಗಾವುಂಡ ಗೌಡನಾದ. ಲೆಕ್ಕ ಬರೆಯುವ ಕರಣ ಕುಲಕರ್ಣಿಯಾಗಿ ಮುಂದುವರಿದ. ಮೇಲೆ ಸೀಮೆಗೊಬ್ಬ ದೇಸಾಯಿ, ದೇಶಪಾಂಡೆ ಬಂದರು. ಮೊದಲನೆಯ ಇಬ್ರಾಹಿಂ ಆದಿಲ್‌ಷಾ 16ನೆಯ ಶತಮಾನದಲ್ಲಿ ಲೆಕ್ಕಪತ್ರವನ್ನು ಪರ್ಶಿಯನ್ನಿನಿಂದ ದೇಶಭಾಷೆಗೆ ತಂದು ಬ್ರಾಹ್ಮಣ ಲೆಕ್ಕಿಗರ ಕೈಗೆ ಕೊಟ್ಟ. ಭಾಷೆ ತಿರುಗಿ ಬಂತು, ಪದಗಳು ಬರಲಿಲ್ಲ. ಸಪ್ತಾಪುರದ ಯಾವುದೇ ಕೋಚಿಂಗ್ ಕ್ಲಾಸಿನ ಹಾಜರಿ ಪುಸ್ತಕ ತೆರೆಯಿರಿ: ಇನಾಮದಾರ, ಜಹಗೀರದಾರ, ಕಿಲ್ಲೇದಾರ, ಜಮಾದಾರ, ಹವಾಲ್ದಾರ, ಮುಜುಮದಾರ. ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ, ಹೆಸರಿನ ಕೊನೆಯಿಂದ ಯಾರು ಯಾರೆಂದು ಹೇಳಲಾಗದು. ಇವೆಲ್ಲ 14ನೆಯ ಶತಮಾನದಲ್ಲೇ ಬಂದವಲ್ಲ, ಆದಿಲ್‌ಶಾಹಿ ಮತ್ತು ಮರಾಠರ ಕಾಲದಲ್ಲಿ ಗಟ್ಟಿಯಾದವು. ಆದರೆ ಬಾಗಿಲು ತೆರೆದದ್ದು ಆ ಐವತ್ತು ವರ್ಷ. ಜಿಲ್ಲೆ, ತಾಲ್ಲೂಕು, ವಸೂಲಿ, ಜಪ್ತಿ, ದಾಖಲೆ, ಖಜಾನೆ ಎಲ್ಲ ಆ ಬಾಗಿಲಿನಿಂದಲೇ ಬಂದವು. ಅಪ್ಪಟ ತುರ್ಕಿ ಮಾತುಗಳು ಕಡಿಮೆ, ತೋಪು, ತುಪಾಕಿ, ಬಹದ್ದೂರ್ ಅಂಥವು.

ನಮ್ಮಂಥ ಹಳ್ಳಿ ವರದಿಗಾರರು ದಿನಾ ಬರೆಯುವ ಪದವೇ ಇದೆಯಲ್ಲ, ರೈತ. ಅದು ಅರಬ್ಬಿಯ ರಇಯತ್, ಪರ್ಶಿಯನ್ನಿನ ದಾರಿಯಲ್ಲಿ ಬಂದದ್ದು. ಮೂಲದಲ್ಲಿ ಕುರುಬ ಕಾಯುವ ಹಿಂಡು, ಆಮೇಲೆ ದೊರೆ ಕಾಯುವ ಪ್ರಜೆ. ನಮ್ಮ ಹಳೆಯ ಪದ ಒಕ್ಕಲು. ಒಕ್ಕಲು ಎಂದರೆ ನೆಲದಲ್ಲಿ ಮನೆ ಹೂಡಿದವನು, ಅದರಲ್ಲಿ ಮೇಲೊಬ್ಬ ಒಡೆಯ ಇರಲೇಬೇಕೆಂದಿಲ್ಲ. ರಇಯತ್ ಎಂಬ ಪದದೊಳಗೇ ಒಡೆಯ ಇದ್ದಾನೆ. ಕಳಸಾ ಬಂಡೂರಿ ನೀರಿಗಾಗಿ ನರಗುಂದ, ನವಲಗುಂದದಲ್ಲಿ ವರ್ಷಗಟ್ಟಲೆ ಧರಣಿ ಕೂತವರು ಆ ಪದವನ್ನೇ ಹಸಿರು ಟವೆಲ್ಲಿನ ಜೊತೆ ಹೆಗಲಿಗೆ ಹಾಕಿಕೊಂಡು ಅದರ ಅರ್ಥ ತಿರುಗಿಸಿಬಿಟ್ಟಿದ್ದಾರೆ.

ಗಡಿಯಾಗಿ ಬದುಕಿದ್ದರ ಗುರುತು ಊರಿನ ನಕ್ಷೆಯಲ್ಲೂ ಉಳಿದಿದೆ. ಧಾರವಾಡ ಕೋಟೆ 1573ರ ನಂತರವೂ ಆದಿಲ್‌ಶಾಹಿ, ಮೊಘಲ್, ಮರಾಠ, ಹೈದರ್ ಅಂತ ಕೈ ಬದಲಾಯಿಸುತ್ತಲೇ ಹೋಯಿತು. 1790ರ ಸೆಪ್ಟೆಂಬರಿನಿಂದ 1791ರ ಏಪ್ರಿಲ್‌ವರೆಗೆ ಟಿಪ್ಪುವಿನ ಕಿಲ್ಲೇದಾರ ಬದ್ರುಜ್ಜಮಾನ್ ಖಾನ್ ಮರಾಠರ ಮತ್ತು ಬ್ರಿಟಿಷರ ಮುತ್ತಿಗೆಯನ್ನು ಅಲ್ಲೇ ತಡೆದು ನಿಂತಿದ್ದ. ಕೋಟೆ ಹೋಗಿ ಬಾಗಿಲು ಮತ್ತು ಕಿಲ್ಲಾ ಎಂಬ ಹೆಸರು ಉಳಿದಿವೆ. ಇನ್ನು ಬಯಲುಸೀಮೆಯ ಹಳ್ಳಿಗಳಲ್ಲಿ ಅಗಸಿ ಇದೆ, ಮಣ್ಣಿನ ಹುಡೇ ಇದೆ, ದೇಸಾಯರ ವಾಡೆ ಇದೆ. ಹೊತ್ತು ಮುಳುಗಿದ ಮೇಲೆ ಅಗಸಿ ಬಾಗಿಲು ಹಾಕಿ, ಹುಡೇದ ಮೇಲೆ ಕಾವಲಿಗೆ ಆಳು ಹತ್ತಿಸುತ್ತಿದ್ದ ಊರುಗಳು ಇವು. ಯಾರ ದಂಡು ಬರುತ್ತದೆ ಎನ್ನುವುದು ತಲೆಮಾರಿಗೊಮ್ಮೆ ಬದಲಾಗುತ್ತಿತ್ತು, ಬಾಗಿಲು ಹಾಕುವುದು ಬದಲಾಗಲಿಲ್ಲ. ಈಗ ಕೆಲವು ಅಗಸಿಗಳ ಪಕ್ಕದ ಗೋಡೆ ಒಡೆದು ಟ್ರ್ಯಾಕ್ಟರ್ ಹೋಗುವಷ್ಟು ದಾರಿ ಮಾಡಿಕೊಂಡಿದ್ದಾರೆ. ಹಬ್ಬದ ಮೆರವಣಿಗೆ ಮಾತ್ರ, ಡೊಲ್ಲಿಯದಿರಲಿ ಪಲ್ಲಕ್ಕಿಯದಿರಲಿ, ಇನ್ನೂ ಹಳೆಯ ಬಾಗಿಲಿನಿಂದಲೇ ಊರೊಳಗೆ ಬರುತ್ತದೆ.